ನಲವತ್ತೆರಡು ಸಮ ನಲವತ್ತೆರಡು

೧೯೬೧, ಏಪ್ರಿಲ್ ೧೬, ಭಾನುವಾರ. ಮಧ್ಯಾಹ್ನ ಎರಡೂಕಾಲಿಗೆ ಶುರುಮಾಡಿದೆ. ಬೇಲೂರು, ನಮ್ಮ ಮನೆಯ ಹಿತ್ತಲ ಜಗಲಿ.

ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗಿನಿಂದ ಬಾವಿಕಟ್ಟೆಗೂ ಬಾಗಿಲಿಗೂ ಸುಮ್ಮಸುಮ್ಮನೆ ಓಡಾಡಿದ್ದೇನೆ. ಅಮ್ಮ ನೋಡಿ ನೋಡಿ ಸಾಕಾಗಿ, "ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ? ಪರೀಕ್ಷೆ ಬರೆದೋಳು ಅವಳು, ಒದ್ದಾಡೋಳು ನೀನು" ಎಂದಳು.

ಅವಳು ಎಂದರೆ ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಮೊನ್ನೆ ಮಂಗಳವಾರ ಅರಸೀಕೆರೆಯಲ್ಲಿ ಎಸ್ಸೆಸ್ಸೆಲ್ಸಿಯ ಲೆಕ್ಕದ ಪರೀಕ್ಷೆ ಬರೆದು ಬಂದಿದ್ದಾರೆ. ಈಗ ಅಂಗಳದಲ್ಲಿ ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಾರೆ. ಒಂದರ ಪಕ್ಕ ಒಂದು, ಸಾಲು ತಪ್ಪದ ಹಾಗೆ. ನನ್ನ ಲೇಖನಿ ಮಾತ್ರ ಹಾಳೆಯ ಮೇಲೆ ನಿಲ್ಲುತ್ತಿಲ್ಲ.

ಅವರು ಪಾಸಾಗುವುದು ಒಂದೇ ಒಂದು ಲೆಕ್ಕದ ಮೇಲೆ ನಿಂತಿದೆ. ಆ ಲೆಕ್ಕಕ್ಕೆ ಅವರು ಬರೆದ ಉತ್ತರ ಸರಿಯೋ ತಪ್ಪೋ ನನಗೆ ಗೊತ್ತಾಗುತ್ತಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೂ ಕಾಣುತ್ತಿಲ್ಲ. ಆದ್ದರಿಂದ ವಾರಪತ್ರಿಕೆಗೆ ಕಳಿಸಲೆಂದು ಇದನ್ನು ಬರೆಯುತ್ತಿದ್ದೇನೆ. ಹೈಸ್ಕೂಲಿನಿಂದ ದಿನಚರಿ ಇಡುವ ಅಭ್ಯಾಸ ನನ್ನದು. ಯಾವ ದಿನ, ಏನು, ಎಷ್ಟು, ಇಷ್ಟೇ ಅದರಲ್ಲಿರುತ್ತದೆ. ಅದನ್ನು ಮುಂದಿಟ್ಟುಕೊಂಡು ಮೊದಲಿನಿಂದ ಹೇಳುತ್ತೇನೆ.

ಅತ್ತಿಗೆಯ ತವರು ಹಳೇಬೀಡು. ಅವರ ತಂದೆ ಅಲ್ಲಿ ಶಾಲೆಯ ಮೇಷ್ಟ್ರಾಗಿದ್ದವರು. ಅಕ್ಷರ ಬರುವ ಮೊದಲೇ ತಂದೆಯ ಪಕ್ಕದಲ್ಲಿ ಕೂತು ಬೇರೆ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರಂತೆ. ಅವರಿಗೆ ಬೇಕಾಗಿರುವುದು ಶಾಲೆಯಲ್ಲಿ ಮೇಡಂ ಕೆಲಸ. ಅದಕ್ಕೆ ಟ್ರೈನಿಂಗ್ ಆಗಬೇಕು, ಟ್ರೈನಿಂಗಿಗೆ ಎಸ್ಸೆಸ್ಸೆಲ್ಸಿ ಆಗಬೇಕು. ಬೇರೆ ವಿಷಯಗಳೆಲ್ಲ ಹಿಂದೆಯೇ ಮುಗಿದಿದ್ದವು. ಲೆಕ್ಕವೊಂದು ಎರಡು ಸಲ ಕೈಕೊಟ್ಟಿತ್ತು, ಮದುವೆಗೆ ಮುಂಚೆ ಒಂದು ಸಲ, ಮದುವೆಯಾದ ಮೇಲೆ ಒಂದು ಸಲ.

ಮೂರನೆಯ ಸಲ ಕಟ್ಟುತ್ತೇನೆ ಎಂದಾಗ ಅಪ್ಪ ಪಂಚಾಂಗ ಮಡಿಚಿಟ್ಟು ಹೇಳಿದ್ದು ನನ್ನ ದಿನಚರಿಯಲ್ಲಿ ಹಾಗೇ ಇದೆ: "ಕಟ್ಟಮ್ಮ. ಆದರೆ ಇದೇ ಕೊನೆ. ಇದೂ ಆಗದಿದ್ರೆ ಆ ಮಾತು ಈ ಮನೇಲಿ ಮತ್ತೆ ಬೇಡ. ಬೀದಿಯವರು ಕೇಳಿದಾಗೆಲ್ಲ ನಾನು ಏನೂಂತ ಹೇಳಲಿ?" ಅಪ್ಪ ಜೋರು ಮಾಡುವವರಲ್ಲ. ಆದರೆ ಹೇಳಿದ ಮಾತು ಬದಲಾಯಿಸಿದ್ದನ್ನು ನಾನು ಕಂಡಿಲ್ಲ.

ಹೀಗೆ ಜನವರಿ ಒಂಬತ್ತು, ಸೋಮವಾರ, ಪಾಠ ಶುರುವಾಯಿತು. ನಾನು ಹೋದ ವರ್ಷವಷ್ಟೇ ಪಾಸಾದವಳು. ಊಟವಾಗಿ ಅಮ್ಮ ಒಂದು ಗಳಿಗೆ ಮಲಗಿದ ಮೇಲೆ ಇದೇ ಜಗಲಿಯಲ್ಲಿ ಸ್ಲೇಟು ಬಳಪ ಹಿಡಿದು ಕೂರುತ್ತಿದ್ದೆವು. ಅಂಕಗಣಿತ, ಬಡ್ಡಿ, ಕ್ಷೇತ್ರಫಲ ಎಲ್ಲ ಅತ್ತಿಗೆಗೆ ಒಂದು ಮಟ್ಟಿಗೆ ಬರುತ್ತಿತ್ತು. ಎಡವುತ್ತಿದ್ದುದು ಬೀಜಗಣಿತದ ಒಂದೇ ಜಾಗದಲ್ಲಿ. ಎರಡು ಸಮೀಕರಣ ಕೊಟ್ಟು ಎರಡು ಗೊತ್ತಿಲ್ಲದ ಸಂಖ್ಯೆ ಕಂಡುಹಿಡಿ ಎಂದರೆ ಮುಗಿಯಿತು.

ಆ ಗೊತ್ತಿಲ್ಲದವುಗಳಿಗೆ ನಮ್ಮ ಮೇಷ್ಟ್ರು ಕ್ಷ, ಯ ಎಂದು ಬರೆಸುತ್ತಿದ್ದರು. ಲೆಕ್ಕ ಮರೆತವರಿಗಾಗಿ ಒಂದು ಉದಾಹರಣೆ ಹೇಳುತ್ತೇನೆ.

ಕ್ಷ + ಯ = ೧೦
ಕ್ಷ − ಯ = ೪

ಮೊದಲನೆಯದರಿಂದ ಕ್ಷ ಎಂದರೆ ೧೦ − ಯ ಎಂದು ಬರೆದುಕೊಳ್ಳಬೇಕು. ಆಮೇಲೆ ಎರಡನೆಯದರಲ್ಲಿ ಕ್ಷ ಇರುವ ಜಾಗದಲ್ಲಿ ಅದನ್ನು ಕೂರಿಸಬೇಕು. ಅಲ್ಲಿ ಕ್ಷ ಹೋಗಿ ಯ ಒಂದೇ ಉಳಿಯುತ್ತದೆ. ಹತ್ತರಲ್ಲಿ ಎರಡು ಯ ಕಳೆದರೆ ನಾಲ್ಕು, ಅಂದರೆ ಯ ಮೂರು, ಕ್ಷ ಏಳು. ಪುಸ್ತಕದಲ್ಲಿ ಇದಕ್ಕೆ ಆದೇಶ ವಿಧಾನ ಎಂದು ಹೆಸರು.

ಅತ್ತಿಗೆ ಮೊದಲ ಹೆಜ್ಜೆಯನ್ನು ಸರಿಯಾಗಿಯೇ ಇಡುತ್ತಿದ್ದರು. ೧೦ − ಯ ಎಂದು ಚೆಂದವಾಗಿ ಬರೆದು, ಕೆಳಗೆ ಗೆರೆ ಎಳೆದು, ಅದನ್ನು ಎರಡನೆಯದರಲ್ಲಿ ಕೂರಿಸುವ ಬದಲು ಮತ್ತೆ ಮೊದಲನೆಯದರಲ್ಲೇ ಕೂರಿಸುತ್ತಿದ್ದರು. ಹತ್ತರಲ್ಲಿ ಯ ಕಳೆದು ಯ ಕೂಡಿದರೆ ಏನುಳಿಯುತ್ತದೆ? ಹತ್ತು ಸಮ ಹತ್ತು.

"ಬಂತಲ್ಲೇ! ಎರಡೂ ಕಡೆ ಸರಿಹೋಯ್ತು" ಎಂದು ಮೊದಲ ದಿನ ಬಳಪ ಕೆಳಗಿಟ್ಟರು.

"ಹತ್ತು ಹತ್ತೇ, ಸರಿ ಅತ್ತಿಗೆ. ಯ ಎಲ್ಲಿ ಹೋಯ್ತು?"

"ಹೋಯ್ತು. ಹೇಗೂ ಗೊತ್ತಿಲ್ದೇ ಇದ್ದದ್ದು ತಾನೇ, ಹೋದ್ರೆ ನಷ್ಟ ಏನು?"

"ಅದನ್ನೇ ಕಂಡುಹಿಡೀಬೇಕು ಅತ್ತಿಗೆ. ನೀವು ತೆಗೆದ ಜಾಗದಲ್ಲೇ ವಾಪಸ್ ಇಟ್ರೆ ಅದು ಹೇಗೆ ಸಿಕ್ಕುತ್ತೆ?"

"ಎಲ್ಲಿಂದ ತೆಗೆದ್ಯೋ ಅಲ್ಲೇ ಇಡು, ಎಲ್ಲಿಂದ ತೆಗೆದ್ಯೋ ಅಲ್ಲೇ ಇಡು ಅಂತ ನಿಮ್ಮಮ್ಮ ನಾನು ಹೊಸಿಲು ದಾಟಿದ ದಿನದಿಂದ ಹೇಳ್ತಿಲ್ವಾ? ಈಗ ನೀನು ಬೇರೆ ಡಬ್ಬಕ್ಕೆ ಹಾಕು ಅಂತೀಯ."

ನಗು ಬಂತು, ಸಂಕಟವೂ ಆಯಿತು. ಏಕೆಂದರೆ ಹಿಂದಿನ ಎರಡು ಪರೀಕ್ಷೆಯಲ್ಲೂ ಅವರು ಸಿಕ್ಕಿಬಿದ್ದದ್ದು ಇಲ್ಲೇ. ಉತ್ತರ ಬಾರದೆ ಮತ್ತೆ ಮಾಡುವುದು, ಮತ್ತೆ ಅದೇ ಬರುವುದು, ಹೀಗೆ ಸುತ್ತಿ ಸುತ್ತಿ ಉಳಿದ ಪ್ರಶ್ನೆಗಳಿಗೆ ಹೊತ್ತಿಲ್ಲದೆ ಎದ್ದು ಬಂದಿದ್ದರು. "ಎತ್ತು ಗಾಣ ಸುತ್ತಿದ ಹಾಗಾಗುತ್ತೆ ಕಣೇ. ನಡೀತಾ ಇರ್ತೀನಿ, ಬೆವರು ಬರುತ್ತೆ, ಊರು ಬರಲ್ಲ" ಎಂದರು ಒಂದು ದಿನ.

ನಾನು ಎರಡನೆಯ ಸಮೀಕರಣದ ಸುತ್ತ ಚೌಕ ಹಾಕಿ ಕೊಟ್ಟೆ. ಚೌಕ ಇದ್ದ ದಿನ ಸರಿಯಾಗಿ ಮಾಡಿದರು, ಇಲ್ಲದ ದಿನ ಮತ್ತೆ ಹತ್ತು ಸಮ ಹತ್ತು. ಸರಿಯಾದದ್ದಕ್ಕೆ ಗೀಟು, ತಪ್ಪಿದ್ದಕ್ಕೆ ಕತ್ತರಿ ಎಂದು ದಿನಚರಿಯ ಅಂಚಿನಲ್ಲಿ ಗುರುತು ಹಾಕುತ್ತಿದ್ದೆ. ಜನವರಿಯ ಅಂಚು ತುಂಬ ಕತ್ತರಿಗಳೇ. ಅವರು ಇಣುಕಿ ನೋಡಿ, "ದರ್ಜಿ ಅಂಗಡಿ ಇಟ್ಟಿದೀಯೇನೇ?" ಎಂದು ಕೇಳಿದ್ದೂ ಅಲ್ಲೇ ಬರೆದಿದೆ. ಯಾಕೆ ಬೇರೆಯದರಲ್ಲೇ ಕೂರಿಸಬೇಕು ಎಂದು ಅವರಿಗೆ ಅರ್ಥವಾಗುವ ಹಾಗೆ ಹೇಳಲು ನನಗೆ ಬರಲಿಲ್ಲ. ಮೇಷ್ಟ್ರು ನಮಗೆ ಹೇಳಿದ್ದು ಹಾಗೆ ಮಾಡಿ ಎಂದಷ್ಟೇ. ನಾನು ಮಾಡುತ್ತಿದ್ದೆ, ಉತ್ತರ ಬರುತ್ತಿತ್ತು.

ಅರ್ಥವಾದದ್ದು ಫೆಬ್ರವರಿ ಹದಿನೈದು, ಬುಧವಾರ, ಸಂಜೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಚಿಕ್ಕ ದೇವಸ್ಥಾನವಿದೆ. ಅದರ ಪೂಜೆ ಎರಡು ಮನೆಯವರದು, ನಮ್ಮದು ಮತ್ತು ಎದುರು ಮನೆಯವರದು. ಒಂದು ವಾರ ನಮ್ಮ ಪಾಳಿ, ಮುಂದಿನ ವಾರ ಅವರ ಪಾಳಿ. ಎರಡು ಮನೆಗೂ ಸಂಬಂಧವಿಲ್ಲ, ಗೋತ್ರ ಬೇರೆ. ಎದುರು ಮನೆಯ ಯಜಮಾನರನ್ನು ನಾವು ಮಕ್ಕಳೆಲ್ಲ ಮಾವ ಎನ್ನುತ್ತೇವೆ. ಅಪ್ಪನಿಗಿಂತ ಹಿರಿಯರು. ಸಂಜೆ ತಮ್ಮ ಜಗಲಿಯಲ್ಲಿ ಕೂತರೆ ಬೀದಿಯಲ್ಲಿ ಹೋಗುವ ಒಬ್ಬರನ್ನೂ ಮಾತಾಡಿಸದೆ ಬಿಡುವವರಲ್ಲ.

ಅವತ್ತು ನಮ್ಮ ಪಾಳಿ. ಅಪ್ಪ ಸ್ನಾನ ಮಾಡಿ ತಾಮ್ರದ ಚೊಂಬು ಹಿಡಿದು ಹೊರಟಿದ್ದರು. ಅಷ್ಟರಲ್ಲಿ ಅರಸೀಕೆರೆ ಬಸ್ಸಿನಿಂದ ಇಳಿದು ಚಿಕ್ಕಪ್ಪನ ಎರಡನೇ ಮಗ ಬಂದ. ಚಿಕ್ಕಪ್ಪ ಎಂದರೆ ಅಪ್ಪನ ಸ್ವಂತ ತಮ್ಮ. ಅವರ ಮನೆ ಅರಸೀಕೆರೆಯಲ್ಲಿ. ಅಲ್ಲಿನ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾಗಿರುವ ನನ್ನ ಅಣ್ಣನೂ ಅವರ ಮನೆಯಲ್ಲೇ ಇದ್ದು, ಶನಿವಾರ ಊರಿಗೆ ಬರುತ್ತಾನೆ.

"ದೊಡ್ಡಪ್ಪಾ, ಅಣ್ಣಂಗೆ ಗಂಡು ಮಗು. ನಿನ್ನೆ ರಾತ್ರಿ" ಎಂದ. ಅಣ್ಣ ಎಂದರೆ ಚಿಕ್ಕಪ್ಪನ ಮೊದಲನೇ ಮಗ.

ಅಪ್ಪ "ಸಂತೋಷ" ಎಂದರು. ಎಂದವರೇ ಚೊಂಬನ್ನು ಕೆಳಗಿಟ್ಟರು. ದಾಯಾದಿಗಳಲ್ಲಿ ಯಾರಾದರೂ ಸತ್ತರೆ ಸೂತಕ, ಮಗು ಹುಟ್ಟಿದರೆ ಪುರುಡು. ಸಂತೋಷದ ಸುದ್ದಿಯಾದರೂ ಹತ್ತು ದಿನ ದೇವರನ್ನು ಮುಟ್ಟುವಂತಿಲ್ಲ. ದೀಪ ಹಚ್ಚುವ ಹೊತ್ತಾಗಿತ್ತು.

"ನಾನಿದೀನಲ್ಲ ದೊಡ್ಡಪ್ಪ" ಎಂದ ಅವನು. "ನಾನು ಅಪ್ಪನ ಮನೆ ಬಿಟ್ಟು ಬೇರೆ ಬಾಡಿಗೆ ಮನೆ ಮಾಡಿದೀನಿ. ನನ್ನ ಒಲೆ ಬೇರೆ. ಒಂದು ಸ್ನಾನ ಮಾಡಿ ನಾನೇ ಹೋಗಿ ಬರ್ತೀನಿ, ನೀವು ಕೂತ್ಕೊಳಿ."

ಎದುರು ಜಗಲಿಯಿಂದ ಮಾವ ಜೋರಾಗಿ ನಕ್ಕರು. "ಲೋ, ಒಲೆ ಬೇರೆ ಮಾಡಿದ್ರೆ ಪುರುಡು ಬೇರೆ ಆಗುತ್ತೇನಯ್ಯಾ? ನಿಮ್ಮ ದೊಡ್ಡಪ್ಪನ್ನ ಎಬ್ಬಿಸಿ ಅದೇ ಮಣೆ ಮೇಲೆ ನಿನ್ನ ಕೂರಿಸಿದ್ರೆ ಏನು ಬದಲಾಯ್ತು? ಅವನೂ ನೀನೂ ಒಂದೇ ಮನೆ. ದೇವಸ್ಥಾನದ ಬಾಗಿಲಿಗೆ ಹೋಗಿ ಹಾಗೇ ವಾಪಸ್ ಬರ್ತೀಯ ಅಷ್ಟೆ. ಬದಲಿ ಬೇಕು ಅಂದ್ರೆ ರಸ್ತೆ ದಾಟಿ ಈ ಮನೇಗೆ ಬರಬೇಕಯ್ಯಾ" ಎಂದು ಎದ್ದು, "ಏ, ನನ್ನ ಮಡಿ ಪಂಚೆ ತಾರೇ" ಎಂದು ಒಳಗೆ ಕೂಗಿದರು.

ಅತ್ತಿಗೆ ನಮ್ಮ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ಬಂದವನಿಗೆ ನೀರು ಕೊಡಬೇಕಾದವರು ಲೋಟ ನನ್ನ ಕೈಗಿತ್ತು ಹಿತ್ತಲಿಗೆ ಓಡಿದರು. ನಾನು ನೀರು ಕೊಟ್ಟು ಹಿಂದೆ ಹೋಗಿ ನೋಡಿದರೆ ಸ್ಲೇಟು ಹಿಡಿದು ನಿಂತೇ ಬರೆಯುತ್ತಿದ್ದಾರೆ.

"ಈ ಹತ್ತರಲ್ಲಿ ಯ ಕಳೆದದ್ದು ಇದೆಯಲ್ಲ, ಇದು ಮೊದಲನೇ ಸಮೀಕರಣದ ಚಿಕ್ಕಪ್ಪನ ಮಗ ಕಣೇ! ಒಲೆ ಬೇರೆ ಮಾಡ್ಕೊಂಡಿದೆ, ಅದಕ್ಕೆ ಬೇರೆ ಥರ ಕಾಣುತ್ತೆ. ಮನೆ ಅದೇ. ಅದನ್ನ ವಾಪಸ್ ಅದೇ ಮನೇಲಿ ಕೂರಿಸಿದ್ರೆ ಹೊಸದೇನು ಹೇಳುತ್ತೆ? ಹತ್ತು ಹತ್ತೇ ಅನ್ನುತ್ತೆ. ಎದುರು ಮನೆಗೆ ಕಳಿಸ್ಬೇಕು. ಆ ಮನೆಗೆ ಗೊತ್ತಿರೋದು ಈ ಮನೆಗೆ ಗೊತ್ತಿಲ್ಲ."

ಯ ಮೂರು, ಕ್ಷ ಏಳು. ಚೌಕವಿಲ್ಲದೆ ಬಂದಿತ್ತು. ಆಮೇಲೆ ಕತ್ತರಿ ಗುರುತು ಕಡಿಮೆಯಾಗುತ್ತ ಬಂದು ಮಾರ್ಚಿ ಮುಗಿಯುವ ಹೊತ್ತಿಗೆ ನಿಂತೇಹೋಯಿತು. ಅವರು ಸಮೀಕರಣಗಳಿಗೆ ಒಂದು, ಎರಡು ಎಂದು ನಂಬರು ಹಾಕುವುದನ್ನೂ ಬಿಟ್ಟರು. ಸ್ಲೇಟಿನ ಅಂಚಿನಲ್ಲಿ "ನಮ್ಮನೆ", "ಎದುರುಮನೆ" ಎಂದು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಹಾಗೆ ಬರೆದುಬಿಡಬೇಡಿ ಎಂದು ದಿನಕ್ಕೊಂದು ಸಲ ಎಚ್ಚರಿಸುವುದು ನನ್ನ ಕೆಲಸವಾಯಿತು.

ಇಷ್ಟಾಗುವ ಹೊತ್ತಿಗೆ ಪರೀಕ್ಷೆಯ ತಾರೀಖು ಬಂತು. ಏಪ್ರಿಲ್ ಹನ್ನೊಂದು, ಮಂಗಳವಾರ. ಖಾಸಗಿಯಾಗಿ ಕಟ್ಟಿದವರಿಗೆ ಅರಸೀಕೆರೆಯೇ ಕೇಂದ್ರ. ಕ್ಯಾಲೆಂಡರ್ ನೋಡಿದೆ. ಆ ವಾರ ನಮ್ಮ ಪಾಳಿ. ಪಾಳಿಯ ವಾರದಲ್ಲಿ ದೇವರ ನೈವೇದ್ಯಕ್ಕೆ ಎರಡು ಹೊತ್ತು ಮಡಿಯಲ್ಲಿ ಅಡಿಗೆಯಾಗಬೇಕು. ಅಮ್ಮನಿಗೆ ಮಂಡಿನೋವು, ಕೂತರೆ ಏಳಲಾರಳು. ಅತ್ತಿಗೆ ಇಲ್ಲದೆ ಆಗುವುದಿಲ್ಲ. ನಾನು ಮಾಡಬಹುದಿತ್ತು, ಆದರೆ ಅವರೊಬ್ಬರನ್ನೇ ಬಸ್ಸಿನಲ್ಲಿ ಕಳಿಸಲು ಅಪ್ಪ ಒಪ್ಪರು. ಜೊತೆಗೆ ಹೋಗಬೇಕಾದವಳು ನಾನೇ.

"ಪಾಳಿ ಬಿಟ್ಟು ಪರೀಕ್ಷೇನಾ?" ಎಂದಳು ಅಮ್ಮ. ಬಯ್ಯುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಅತ್ತಿಗೆ ಒಲೆ ಸಾರಿಸುತ್ತಿದ್ದರು. ಎದುರು ಮನೆಯವರ ಜೊತೆ ವಾರ ಬದಲಾಯಿಸಿಕೊಂಡರೆ ಆಯಿತು, ಆದರೆ ಕೇಳಬೇಕಾದವರು ಅಪ್ಪ. ಫೆಬ್ರವರಿಯಲ್ಲಿ ಪುರುಡು ಕಳೆಯುವವರೆಗೂ ಮಾವನೇ ನಿಂತಿದ್ದರು. ಮತ್ತೆ ಹೋಗಿ ಕೇಳುವುದು ಅಪ್ಪನಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಅವರು ಬಾಗಿಲವರೆಗೆ ಹೋಗಿ, ಚಪ್ಪಲಿ ನೋಡಿ, ವಾಪಸು ಬಂದದ್ದನ್ನು ಕಂಡೆ.

ಶುಕ್ರವಾರ ಸಂಜೆ ರಸ್ತೆ ದಾಟಿದರು. ನಾನು ಕಿಟಕಿಯ ಹಿಂದೆ ನಿಂತೆ.

"ಮುಂದಿನ ವಾರ ನೀವು ಇಟ್ಕೊಂಡು, ಅದರಾಚೆ ವಾರ ನನಗೆ ಬಿಟ್ಕೊಡಬೇಕು" ಎಂದರು ಅಪ್ಪ.

"ಯಾಕಯ್ಯಾ? ಮತ್ತೆ ಯಾರು ಹಡೆದ್ರು?"

"ಹಡೆದಿಲ್ಲ. ಸೊಸೆಗೆ ಪರೀಕ್ಷೆ."

"ಪರೀಕ್ಷೆಗೂ ಪುರುಡು ಶುರುವಾಯ್ತೇನಯ್ಯಾ?" ಎಂದು ಮಾವ ಬೀದಿಗೆಲ್ಲ ಕೇಳುವ ಹಾಗೆ ನಕ್ಕರು. ಅಪ್ಪ ತಲೆ ತಗ್ಗಿಸಿದರು. ಮಾವ ದನಿ ತಗ್ಗಿಸಿ, "ಆಗಲಿ. ಆದರೆ ಬಿಟ್ಟಿ ಇಲ್ಲ. ನಮ್ಮ ಮೊಮ್ಮಗಳಿದೆಯಲ್ಲ, ಅದಕ್ಕೆ ಲೆಕ್ಕ ಅಂದ್ರೆ ಜ್ವರ ಬರುತ್ತೆ. ನಿಮ್ಮ ಸೊಸೆ ಪಾಸಾಗಿ ಬಂದು ಅದಕ್ಕೆ ಹೇಳಿಕೊಡ್ಬೇಕು" ಎಂದರು.

ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಮಾದಿಹಳ್ಳಿಯಲ್ಲಿ ಹಾಲಿನ ಕ್ಯಾನು ಹಿಡಿದ ಹೆಂಗಸರು ಹತ್ತಿ ಬಸ್ಸು ತುಂಬಿತು. ಅತ್ತಿಗೆಯ ತೊಡೆಯ ಮೇಲೆ ಪುಸ್ತಕ, ಅದರ ಮೇಲೆ ಯಾರದೋ ಕೋಳಿಬುಟ್ಟಿ. "ಓದ್ಕಳವ್ವ ಓದ್ಕಳವ್ವ, ಬುಟ್ಟಿ ತೆಗೀತೀನಿ, ಹಳೇಬೀಡ್ ಬತ್ತಾ ಐತೆ" ಎಂದು ಒಬ್ಬಳು ಸಮಾಧಾನ ಹೇಳಿದಳು. ಹಳೇಬೀಡಿನಲ್ಲಿ ಕೆರೆ ಏರಿ ಕಂಡಾಗ ಅತ್ತಿಗೆ ತಲೆಯೆತ್ತಿ ತಮ್ಮ ತಂದೆಯ ಶಾಲೆಯಿದ್ದ ದಿಕ್ಕು ನೋಡಿದರು. ಇಳಿಯಲಿಲ್ಲ. ಪುಸ್ತಕ ಮಾತ್ರ ಅಲ್ಲಿಂದ ಮುಂದೆ ಮುಚ್ಚೇ ಇತ್ತು. ನನಗೆ ಅದೂ ಕಳವಳವೇ, ಯಾಕೆ ಓದುತ್ತಿಲ್ಲ ಎಂದು.

ಚಿಕ್ಕಪ್ಪನ ಮನೆಯಲ್ಲಿ ಉಳಿದು ಮರುದಿನ ಹೋದೆವು. ಅಣ್ಣ ಶಾಲೆಯ ಗೇಟಿನವರೆಗೆ ಬಂದು, "ಹೆದರ್ಕೋಬೇಡ" ಎಂದು ಅತ್ತಿಗೆಗೆ ಹೇಳುವ ಬದಲು ನನಗೆ ಹೇಳಿ ಡ್ಯೂಟಿಗೆ ಹೋದ. ಹತ್ತೂವರೆಗೆ ಗಂಟೆ ಹೊಡೆಯಿತು. ನಾನು ಕಾಂಪೌಂಡಿನಾಚೆ ಮರದಡಿ ನಿಂತೆ. ಕೂತೆ. ಮತ್ತೆ ನಿಂತೆ. ಸ್ಟೇಷನ್ ಕಡೆಯಿಂದ ಇಂಜಿನ್ನಿನ ಕೂಗು ಬಂದಾಗೆಲ್ಲ ಅದು ಶಾಲೆಯ ಗಂಟೆಯೇ ಎಂದು ಬೆಚ್ಚಿಬೀಳುತ್ತಿದ್ದೆ. ಎಳನೀರು ಮಾರುವವನೊಬ್ಬ ಗಾಡಿ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ.

"ಯಾಕವ್ವಾ ಹಂಗ್ ತಿರುಗ್ತೀಯ, ತಮ್ಮ ಬರೀತಾವ್ನಾ ಒಳಗೆ?"

"ತಮ್ಮ ಅಲ್ಲ, ನಮ್ಮ ಅತ್ತಿಗೆ."

"ಅತ್ತಿಗೆಮ್ಮನಾ!" ಎಂದು ಮಚ್ಚು ಕೆಳಗಿಟ್ಟ. "ಬರೀಲಿ ಬುಡು. ನೀನೊಂದು ಎಳನೀರ್ ಕುಡಿ, ಬಿಸ್ಲಾಗೆ ಬಿದ್ಗಿದ್ದೀಯ."

ಒಂದು ಗಂಟೆಗೆ ಅತ್ತಿಗೆ ಹೊರಗೆ ಬಂದರು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಹತ್ತಿರ ಬಂದು ಹೇಳಿದ ಮೊದಲ ಮಾತು: "ನಲವತ್ತೆರಡು ಸಮ ನಲವತ್ತೆರಡು ಬಂತು ಕಣೇ."

"ಮತ್ತೆ ನಮ್ಮನೇಲೇ ಕೂರಿಸಿದ್ರಾ ಅತ್ತಿಗೆ?"

"ಇಲ್ಲ ಕಣೇ. ಎದುರು ಮನೇಲೇ ಕೂರಿಸಿದ್ದು."

ಮರದ ಕೆಳಗೆ ಕೂತು, ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದರು.

ಕ್ಷ + ೨ಯ = ೧೪
೩ಕ್ಷ + ೬ಯ = ೪೨

ಮೊದಲನೆಯದರಿಂದ ಕ್ಷ ಎಂದರೆ ೧೪ − ೨ಯ. ಅದನ್ನು ಎರಡನೆಯದರಲ್ಲಿ ಕೂರಿಸಿದರೆ, ಅದರ ಮೂರರಷ್ಟು ಎಂದರೆ ೪೨ − ೬ಯ. ಅದಕ್ಕೆ ೬ಯ ಕೂಡಬೇಕು. ಯ ಹೋಗಿಬಿಡುತ್ತದೆ. ನಲವತ್ತೆರಡು ಸಮ ನಲವತ್ತೆರಡು.

"ಮತ್ತೆ ಗಾಣಕ್ಕೆ ಬಂದೆ ಅನ್ಕೊಂಡೆ. ಅಳಿಸಿ ಇನ್ನೊಂದು ಸಲ ಮಾಡಿದೆ, ಅದೇ ಬಂತು. ಯ ಕಡೆಯಿಂದ ಹಿಡಿದು ಮಾಡಿದೆ, ಹಾಗೂ ಅದೇ ಬಂತು. ಪಕ್ಕದೋರು ಹಾಳೆ ಮೇಲೆ ಹಾಳೆ ಕೇಳ್ತಿದಾರೆ, ನಾನು ಅಲ್ಲೇ ಇದೀನಿ. ಅಷ್ಟೊತ್ತಿಗೆ ನಿಮ್ಮ ಚಿಕ್ಕಪ್ಪನ ಮಗ ನೆನಪಿಗೆ ಬಂದ. ಒಲೆ ಬೇರೆ, ಮನೆ ಒಂದೇ. ಕೆಳಗಿನದನ್ನ ಮೂರರಿಂದ ಭಾಗಿಸಿದೆ. ನೋಡು, ಮೇಲಿನದೇ! ಮೂರರಷ್ಟು ದಪ್ಪ ಆಗಿದೆ ಅಷ್ಟೆ. ಎದುರು ಮನೆ ಅಂತ ಬೋರ್ಡು ಹಾಕ್ಕೊಂಡಿದೆ, ಒಳಗೆ ಹೋದ್ರೆ ನಮ್ಮನೆ. ಇನ್ನೊಂದು ಮನೇನೇ ಇಲ್ಲ ಅಂದ್ಮೇಲೆ ಬದಲಿ ಎಲ್ಲಿಂದ ತರೋದು?"

"ಏನು ಬರೆದ್ರಿ?"

"ಎರಡೂ ಒಂದೇ ಸಮೀಕರಣ. ಕ್ಷ ಎರಡಾದರೆ ಯ ಆರು. ಕ್ಷ ನಾಲ್ಕಾದರೆ ಯ ಐದು. ಎರಡೂ ಸರಿ, ಇನ್ನೂ ಬೇಕಾದಷ್ಟಿವೆ. ಇದೇ ಅಂತ ಒಂದು ಉತ್ತರ ಹೇಳಕ್ಕಾಗೋದಿಲ್ಲ ಅಂತ ಬರೆದೆ. 'ದಾಯಾದಿಗಳು' ಅಂತಾನೂ ಬರೆದಿದ್ದೆ. ನೀನು ಬಯ್ತೀಯ ಅಂತ ಹೊಡೆದುಹಾಕಿದೆ."

ಪ್ರಶ್ನೆಪತ್ರಿಕೆ ಕೊಡಿ ಎಂದೆ. ಇರಲಿಲ್ಲ. ಗಂಟೆ ಹೊಡೆದ ಗಡಿಬಿಡಿಯಲ್ಲಿ ಅದನ್ನೂ ಉತ್ತರದ ಹಾಳೆಗಳ ಜೊತೆ ಸೇರಿಸಿ ದಾರ ಕಟ್ಟಿ ಕೊಟ್ಟುಬಿಟ್ಟಿದ್ದರು. ಉಳಿದವರನ್ನು ಕೇಳೋಣವೆಂದು ಎದ್ದೆ. ಅವರೆಲ್ಲ ಗಂಡಸರು. ನಾನು ಕೇಳಲೋ ಬೇಡವೋ ಎನ್ನುವಷ್ಟರಲ್ಲಿ ಸ್ಟೇಷನ್ ಕಡೆ ಹೋಗಿಯಾಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಪ್ರತಿ ಪ್ರಶ್ನೆಯನ್ನೂ ಕೇಳಿ ಅಂಕ ಕೂಡಿದೆ. ಕಟ್ಟುನಿಟ್ಟಾಗಿ ಹಾಕಿದರೆ ಮೂವತ್ತೊಂದು ಖಂಡಿತ. ಪಾಸಿಗೆ ಮೂವತ್ತೈದು. ಈ ಲೆಕ್ಕದಲ್ಲಿ ಹೊತ್ತು ಹೋದದ್ದರಿಂದ ಕೊನೆಯ ಎರಡು ಪ್ರಶ್ನೆ ಮುಟ್ಟಿಲ್ಲ. ಈ ಲೆಕ್ಕಕ್ಕೆ ಆರು ಅಂಕ. ಅದು ಸರಿಯಾದರೆ ಮೂವತ್ತೇಳು, ತಪ್ಪಾದರೆ ಮೂವತ್ತೊಂದು. ಎರಡನೇ ಸಲ ಕೂಡಿದೆ, ಅಷ್ಟೇ ಬಂತು.

ಬುಧವಾರ ನನ್ನ ಹಳೆಯ ಲೆಕ್ಕದ ಮೇಷ್ಟ್ರ ಮನೆಗೆ ಹೋದೆ. ಬರೆದು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಾಲನ್ನೂ ನೋಡಿದರು.

"ಹೀಗೆ ಕೊಡೋದಿಲ್ಲಮ್ಮ. ಎಸ್ಸೆಸ್ಸೆಲ್ಸಿಗೆ ಇಂಥಾದ್ದು ಕೊಟ್ಟಿದ್ದು ನಾನು ನೋಡಿಲ್ಲ. ನಿಮ್ಮತ್ತಿಗೆ ಒಂದು ಅಂಕಿ ತಪ್ಪಿ ಇಳಿಸಿಕೊಂಡಿರಬೇಕು."

"ತಪ್ಪಿಲ್ಲದೆ, ಹೀಗೇ ಕೊಟ್ಟಿದ್ರೆ ಸಾರ್?"

"ಕೊಟ್ಟಿದ್ರೆ ಅವರು ಬರೆದದ್ದು ಪೂರ್ತಿ ಸರಿ. ಆರಕ್ಕೆ ಆರು ಕೊಡಬೇಕು" ಎಂದರು. ಕನ್ನಡಕ ತೆಗೆದು, "ಅಚ್ಚಿನೋರು ತಪ್ಪು ಮಾಡಿದ್ರೂ ಮಾಡಿರಬಹುದು. ಆಗ ನೋಡೋರು ಏನು ಮಾಡ್ತಾರೋ, ಹೇಳಕ್ಕೆ ಬರೋಲ್ಲ" ಎಂದರು.

ಅವರ ಹತ್ತಿರವೂ ಆ ಪತ್ರಿಕೆ ಇರಲಿಲ್ಲ. ಇಲ್ಲಿನ ಶಾಲೆಯವರಿಗೆ ಹೊಸ ಪಠ್ಯದ ಬೇರೆ ಪತ್ರಿಕೆಯಂತೆ. ಹಳೆಯ ಪಠ್ಯದಲ್ಲಿ ಖಾಸಗಿಯಾಗಿ ಕಟ್ಟಿದವರಿಗೆ ಮಾತ್ರ ಅದು.

ಅಲ್ಲಿಂದ ಇಲ್ಲಿಯವರೆಗೆ ನಾನು ಅಂಕಿಗಳನ್ನು ಬದಲಾಯಿಸಿ ಬದಲಾಯಿಸಿ ಮಾಡುತ್ತಿದ್ದೇನೆ. ೬ಯ ಅಲ್ಲ, ೫ಯ ಆಗಿದ್ದರೆ? ಯ ಸೊನ್ನೆ ಬರುತ್ತದೆ, ಕ್ಷ ಹದಿನಾಲ್ಕು. ಪರೀಕ್ಷೆಯಲ್ಲಿ ಸೊನ್ನೆ ಬರುವ ಲೆಕ್ಕ ಕೊಡುವರೇ? ನಲವತ್ತೆರಡು ಅಲ್ಲ, ನಲವತ್ತನಾಲ್ಕಾಗಿದ್ದರೆ? ನಲವತ್ತೆರಡು ಸಮ ನಲವತ್ತನಾಲ್ಕು ಎಂದು ಬರುತ್ತದೆ, ಅದಂತೂ ಎಲ್ಲೂ ಇಲ್ಲದ್ದು. ೪ಯ ಆಗಿ ಮೂವತ್ತಾರು ಇದ್ದಿದ್ದರೆ ಯ ಮೂರು, ಕ್ಷ ಎಂಟು, ಚೆನ್ನಾಗಿ ಬರುತ್ತದೆ. ಆದರೆ ಒಂದೇ ಸಾಲಿನಲ್ಲಿ ಎರಡು ಅಂಕಿ ತಪ್ಪಿ ಓದುವರೇ ನಮ್ಮತ್ತಿಗೆ? "ಎರಡು ಸಲ ಬೆರಳಿಟ್ಟು ನೋಡಿದೀನಿ ಕಣೇ. ಕಂಡದ್ದನ್ನೇ ಬರೆದೆ" ಎನ್ನುತ್ತಾರೆ. ಕೇಳಿದಷ್ಟು ಸಲವೂ ಅದೇ ಮಾತು, ಅದೇ ದನಿ.

ಗುರುವಾರ ಅಪ್ಪ ಬೀದಿಯಲ್ಲಿ ಮಾವನಿಗೆ ಹೇಳುತ್ತಿದ್ದುದು ಕೇಳಿಸಿತು. "ಎರಡೂ ಒಂದೇ ಮನೆ ಅಂತ ಬರೆದು ಬಂದಿದಾಳಂತೆ."

"ಅದರಲ್ಲಿ ತಪ್ಪೇನಿದೆ?" ಎಂದರು ಮಾವ. "ಪತ್ರಿಕೆ ನೋಡೋನಿಗೆ ಗೋತ್ರ ಗೊತ್ತಾಗಬೇಕಲ್ಲ, ಅದು ಕಷ್ಟ."

ಅಪ್ಪ ನಕ್ಕರು. ಆದರೆ ಇದೇ ಕೊನೆ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ನಾನು ಕೇಳಿಲ್ಲ, ಅತ್ತಿಗೆಯೂ ಕೇಳಿಲ್ಲ.

ಈಗ ನಾಲ್ಕೂ ಇಪ್ಪತ್ತು. ಸಂಡಿಗೆ ಇಟ್ಟು ಮುಗಿಯಿತು. ಅತ್ತಿಗೆ ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ನಾನು ಬರೆಯುತ್ತಿರುವುದನ್ನು ನೋಡಿ, ಸ್ಲೇಟು ಎತ್ತಿಕೊಂಡರು. ಎದುರು ಮನೆಯ ಮೊಮ್ಮಗಳು ಜಗಲಿಯ ಕಂಬ ಹಿಡಿದು ನಿಂತಿದೆ. ಪಾಸಾದ ಮೇಲೆ ಎಂದಿದ್ದರು ಮಾವ, ಇವರು ಆಗಲೇ ಶುರುಮಾಡಿಬಿಟ್ಟಿದ್ದಾರೆ. ಸ್ಲೇಟಿನ ಮೇಲೆ ಎರಡು ಸಾಲು ಬರೆದು, "ಬಿಡಿಸೋಕೆ ಹೋಗಬೇಡ. ಮೊದಲು ಇವೆರಡಕ್ಕೂ ಗೋತ್ರ ಒಂದೇನಾ ಬೇರೇನಾ ನೋಡಿ ಹೇಳು" ಎನ್ನುತ್ತಿದ್ದಾರೆ. ಹುಡುಗಿಗೆ ಜ್ವರ ಬಂದ ಹಾಗೆ ಕಾಣುವುದಿಲ್ಲ.

ನನಗೆ ಮಾತ್ರ ಕೂರಲಾಗುತ್ತಿಲ್ಲ. ಫಲಿತಾಂಶ ಮೊದಲು ಬರುತ್ತದೋ ಇದು ಅಚ್ಚಾಗುವುದು ಮೊದಲೋ ತಿಳಿಯದು. ಏಪ್ರಿಲ್ ಹನ್ನೊಂದರಂದು ಹಳೆಯ ಪಠ್ಯದ ಲೆಕ್ಕದ ಪರೀಕ್ಷೆಯನ್ನು ಅರಸೀಕೆರೆಯಲ್ಲಾಗಲಿ ಬೇರೆ ಊರಿನಲ್ಲಾಗಲಿ ಬರೆದವರು ಇದನ್ನು ಓದಿದರೆ, ಪ್ರಶ್ನೆಪತ್ರಿಕೆ ಕೈಯಲ್ಲಿದ್ದರೆ, ದಯವಿಟ್ಟು ಒಂದು ಕಾರ್ಡು ಬರೆದು ಈ ವಾರಪತ್ರಿಕೆಯ ಆಫೀಸಿಗೆ ಹಾಕಿ. ನಿಮ್ಮ ಹೆಸರು ಬೇಡ, ನೀವು ಬರೆದ ಉತ್ತರವೂ ಬೇಡ. ಆ ಎರಡು ಸಮೀಕರಣಗಳನ್ನು ಅಚ್ಚಿನಲ್ಲಿ ಇದ್ದ ಹಾಗೇ, ಒಂದರ ಕೆಳಗೊಂದು, ಇಳಿಸಿ ಕಳಿಸಿದರೆ ಸಾಕು.